ವಾಟ್ ಎಷ್ಟಿದ್ದರೆ ಹಾಡು ಕೇಳಿಸುತ್ತದೆ?



ನಾಸಿಕದಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ನಾಲ್ಕು ಜನ ಕನ್ನಡದ ಹುಡುಗರು ಸೇರಿ ಒಂದು ವಾದ್ಯವೃಂದ ಕಟ್ಟಿದರೆನ್ನಿ. (ಎರಡನೆಯ ಊರು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಔರಂಗಾಬಾದೇ, ಹೆಸರು ಬದಲಾದದ್ದು 2023ರಲ್ಲಿ.) ಗಣೇಶೋತ್ಸವಕ್ಕೊಂದು, ರಾಜ್ಯೋತ್ಸವಕ್ಕೊಂದು ಕಾರ್ಯಕ್ರಮ ಕೊಡುವ ಆಸೆ. ಗಿಟಾರ್ ಇದೆ, ಆಂಪ್ಲಿಫೈಯರ್ ಬೇಕು. ಅಂಗಡಿಯಲ್ಲಿ ಮೊದಲ ಪ್ರಶ್ನೆ, "ಎಷ್ಟು ವಾಟಿನದು ಕೊಡಲಿ?" ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ನೂರು ವಾಟಿನದನ್ನೇ ಹೊತ್ತು ತರುವವರುಂಟು. ಆದರೆ ಈ ಎರಡು ಊರುಗಳ ಚರಿತ್ರೆ ಹೇಳುವ ಮಾತೇ ಬೇರೆ.

ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ಹೋದರೆ ಎಲ್ಲೋರ. ನಮ್ಮ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಹೆಸರಿನೊಂದಿಗೆ ಸೇರಿಹೋಗಿರುವ ಕೈಲಾಸ ದೇಗುಲ ನೋಡಲು ಎಲ್ಲರೂ ಹೋಗುತ್ತಾರೆ. ಹೋದವರು ಅಲ್ಲೇ ಇರುವ 10ನೇ ಗುಹೆಯನ್ನೂ ನೋಡಬೇಕು. ಬೌದ್ಧರ ಚೈತ್ಯಾಲಯ ಅದು. ಕಮಾನಿನಂಥ ಕಲ್ಲಿನ ಮಾಡು. ಒಬ್ಬರು ಮೆಲ್ಲನೆ ಒಂದು ಸ್ವರ ಹಿಡಿದರೂ ಸಾಕು, ಗುಹೆಯೆಲ್ಲ ಗುಂಯ್‌ಗುಡುತ್ತದೆ. ವಿದ್ಯುತ್ತಿಲ್ಲ, ವಾಟೂ ಇಲ್ಲ. ದನಿಯನ್ನು ದೊಡ್ಡದು ಮಾಡುವುದರಲ್ಲಿ ಜಾಗಕ್ಕೂ ಒಂದು ಪಾಲಿದೆ ಎನ್ನುವ ಮೊದಲ ಪಾಠ ಇದು.

ಎರಡನೆಯ ಪಾಠ ನಾಸಿಕದ್ದು. ನಾಸಿಕ್ ರೋಡಿನ ಮೋಟ್ವಾನೆ ಕಾರ್ಖಾನೆಯ ಹಿಂದೆ ದೊಡ್ಡದೊಂದು ಕತೆಯಿದೆ. ಸಿಂಧ್ ಪ್ರಾಂತದಿಂದ ಮುಂಬಯಿಗೆ ಬಂದ ಮೋಟ್ವಾನೆ ಮನೆತನದವರು 'ಚಿಕಾಗೋ ರೇಡಿಯೋ' ಹೆಸರಿನಲ್ಲಿ ಧ್ವನಿವರ್ಧಕಗಳ ವ್ಯಾಪಾರ ನಡೆಸಿದರು. ಹೆಸರು ಚಿಕಾಗೋ, ಮನೆತನ ಮಾತ್ರ ಅಪ್ಪಟ ದೇಶಿ! 1930ರ ದಶಕದಲ್ಲಿ ಕಾಂಗ್ರೆಸ್ ಸಭೆಗಳಲ್ಲಿ ಗಾಂಧೀಜಿಯ ಮೆಲುದನಿಯನ್ನು ಸಾವಿರಾರು ಜನಕ್ಕೆ ಮುಟ್ಟಿಸಿದ್ದು ಇವರ ಧ್ವನಿವರ್ಧಕಗಳೇ. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರಲ್ಲ, ಅದಕ್ಕೆ ಸಲಕರಣೆ ಒದಗಿಸಿದ ಆರೋಪದ ಮೇಲೆ ಈ ಮನೆತನದ ನಾನಿಕ್ ಮೋಟ್ವಾನೆ ಬಂಧನಕ್ಕೊಳಗಾಗಿ ವಿಚಾರಣೆ ಎದುರಿಸಿ, ಕೊನೆಗೆ ಬಿಡುಗಡೆಯಾದರು. ಬಾನುಲಿಯಲ್ಲಿ ಕೆಲಸ ಮಾಡುವ ನಮ್ಮಂಥವರು ನೆನೆಯಬೇಕಾದ ಹೆಸರು.

ಅದು ವಾಲ್ವ್‌ಗಳ ಕಾಲ. ವಾಟ್ ಎಂಬುದು ದುಬಾರಿ ಸರಕು. ಅಷ್ಟು ಜನಕ್ಕೆ ಮಾತು ಮುಟ್ಟಲು ನೆರವಾದದ್ದು ಕಹಳೆಯಾಕಾರದ ಸ್ಪೀಕರು. ಒಳ್ಳೆಯ ಕಹಳೆ ಸ್ಪೀಕರಿಗೆ ಒಂದೇ ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ನೂರು ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಬರುತ್ತದೆ. ವಾಟ್ ಎಂಬುದು ಯಂತ್ರ ಸ್ಪೀಕರಿಗೆ ಕೊಡುವ ಶಕ್ತಿ. ಅದರಲ್ಲಿ ಎಷ್ಟು ಸದ್ದಾಗಿ ಹೊರಬರುತ್ತದೆ ಎನ್ನುವುದು ಸ್ಪೀಕರಿಗೆ ಬಿಟ್ಟದ್ದು.

ನಮ್ಮ ಕಿವಿಯ ಲೆಕ್ಕವೂ ವಿಚಿತ್ರ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ವಾಟ್ ಹತ್ತುಪಟ್ಟಾಗಬೇಕು. ಅಂದರೆ ನೂರು ವಾಟಿನ ಯಂತ್ರ ಹತ್ತು ವಾಟಿನದಕ್ಕಿಂತ ಸುಮಾರು ಎರಡರಷ್ಟು ಮಾತ್ರ ಜೋರು. ಒಂದು ಕಾಲದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ 'ಪಿಎಂಪಿಒ' ಎಂದು ಸಾವಿರಾರು ವಾಟ್ ಬರೆದಿರುತ್ತಿದ್ದದ್ದು ನೆನಪಿದೆಯೆ? ಅದನ್ನು ನಂಬಿ ಮೋಸಹೋಗಬೇಡಿ. ನೋಡಬೇಕಾದದ್ದು 'ಆರ್‌ಎಂಎಸ್' ವಾಟ್.

ಹಾಗಾದರೆ ಗಿಟಾರಿಗೆ ನೂರು ವಾಟಿನ ಹುಚ್ಚು ಹಿಡಿದದ್ದು ಹೇಗೆ? 1965ರಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ಹಾಡಿದಾಗ 55 ಸಾವಿರ ಜನ ಸೇರಿದ್ದರು. ನೂರು ವಾಟಿನ ವಾಕ್ಸ್ ಯಂತ್ರಗಳಿದ್ದರೂ ಜನರ ಕೂಗಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸಲಿಲ್ಲ. ಲಂಡನ್ನಿನಲ್ಲಿ ಮಾರ್ಷಲ್ ಕಂಪನಿಯೂ ಅದೇ ಹೊತ್ತಿಗೆ ನೂರು ವಾಟಿಗೆ ಏರಿತು. ಗಿಟಾರಿನ ಮುಂದೆ ಮೈಕ್ ಇಟ್ಟು ಇಡೀ ಮೈದಾನಕ್ಕೆ ಕೇಳಿಸುವ ಒಳ್ಳೆಯ ವ್ಯವಸ್ಥೆ ಆಗಿನ್ನೂ ಬಂದಿರಲಿಲ್ಲ; ವೇದಿಕೆಯ ಮೇಲಿನ ಪೆಟ್ಟಿಗೆಯೇ ಎಲ್ಲರಿಗೂ ಕೇಳಿಸಬೇಕಿತ್ತು. ಈಗ ಪೆಂಡಾಲಿನ ಸೌಂಡ್ ಸಿಸ್ಟಂನವರೇ ಆ ಕೆಲಸ ಮಾಡುತ್ತಾರೆ. ಆದರೂ ನಾವು ನೂರನ್ನು ಬಿಟ್ಟಿಲ್ಲ!

ಸಣ್ಣ ಕಾರ್ಯಕ್ರಮಕ್ಕೆ ಲೆಕ್ಕ ಹೀಗಿಟ್ಟುಕೊಳ್ಳಿ. ಡ್ರಮ್ಸ್ ಇಲ್ಲದೆ ಮೂವತ್ತು-ನಲವತ್ತು ಜನರ ಮುಂದೆ ನುಡಿಸುವುದಾದರೆ 5ರಿಂದ 15 ವಾಟಿನ ವಾಲ್ವ್ ಯಂತ್ರ ಸಾಕು. ಡ್ರಮ್ಸ್ ಇದ್ದರೆ 15ರಿಂದ 30. ಟ್ರಾನ್ಸಿಸ್ಟರ್ ಯಂತ್ರವಾದರೆ 50 ವಾಟಿನವರೆಗೂ ಹೋಗಬಹುದು; ಏಕೆಂದರೆ ಮಿತಿ ಮೀರಿದಾಗ ವಾಲ್ವಿನ ದನಿ ಇಂಪಾಗಿ ಒಡೆಯುತ್ತದೆ, ಟ್ರಾನ್ಸಿಸ್ಟರಿನದು ಕರ್ಕಶವಾಗುತ್ತದೆ. ಮೈದಾನವಾದರೆ ಅದೇ ಸಣ್ಣ ಪೆಟ್ಟಿಗೆಯ ಮುಂದೆ ಮೈಕ್ ಇಡಿ, ಉಳಿದದ್ದನ್ನು ಸೌಂಡ್ ಸಿಸ್ಟಂನವರಿಗೆ ಬಿಡಿ.

ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಧ್ವನಿವರ್ಧಕ ಹಾಕಿದರೆ ಆ ಜಾಗದ ಗಡಿಯಲ್ಲಿ ಇದಕ್ಕಿಂತ ಹತ್ತು ಡೆಸಿಬೆಲ್ ಮಾತ್ರ ಹೆಚ್ಚಿರಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಸಲ್ಲದು. ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ರಾತ್ರಿಯ ನಿರ್ಬಂಧವನ್ನು ಎತ್ತಿಹಿಡಿದಿದೆ. ಕಿವಿಯೊಳಗಿನ ಸೂಕ್ಷ್ಮ ಕೂದಲ ಜೀವಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ಕಾನೂನು.

ಕೊನೆಯದಾಗಿ ಒಂದು ಮಾತು. ಮರಾಠಿ ನೆಲದಲ್ಲಿ ನಿಂತು ಕನ್ನಡ ಭಾವಗೀತೆ ಹಾಡುವಾಗ ಕೇಳುಗರು ಕಾಯುವುದು ಮಾತಿಗಾಗಿ. ಮಹಾರಾಷ್ಟ್ರದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಂತೂ ವೇದಿಕೆಯ ಮೇಲಿನ ಕನ್ನಡ ಕಿವಿಗೆ ಬೀಳುವುದೇ ವರ್ಷಕ್ಕೊಮ್ಮೆಯೋ ಎರಡು ಸಲವೋ. ಅದನ್ನೂ ಗಿಟಾರ್ ನುಂಗಿಬಿಟ್ಟರೆ ಹೇಗೆ? ಹಾಡುವವರ ಒಂದೊಂದು ಅಕ್ಷರವೂ ಕೊನೆಯ ಸಾಲಿನ ಅಜ್ಜಿಗೆ ಕೇಳಿಸಿದರೆ ವಾಟ್ ಸರಿಯಾಗಿದೆ ಎಂದರ್ಥ. ಕೇಳಿಸದಿದ್ದರೆ ಹಾಡುವವರ ಮೈಕ್ ಏರಿಸುವ ಮೊದಲು ಗಿಟಾರಿನ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ನೋಡಿ.

ಮತ್ತೆ ಬಾನುಲಿಯಲ್ಲಿ ಸಿಗೋಣ. ಕೇಳುತ್ತಿರಿ.