ನಮ್ಮದೇ ರಕ್ತದ ಇಂಜೆಕ್ಷನ್: ಮೊದಲು ಹೆಸರು ಬಂತು, ಆಮೇಲೆ ಪರೀಕ್ಷೆ

'ಪ್ಲೇಟ್‌ಲೆಟ್' ಎಂಬ ಪದ ನಮ್ಮ ಹಳ್ಳಿಗಳಿಗೆ ಹೆಚ್ಚಾಗಿ ಪರಿಚಯವಾದದ್ದು ಡೆಂಗಿ ಜ್ವರದಿಂದ. ಡೆಂಗಿ ಬಂದ ಮನೆಯವರನ್ನು ಎಲ್ಲರೂ ಕೇಳುವುದು ಒಂದೇ: "ಪ್ಲೇಟ್‌ಲೆಟ್ ಎಷ್ಟಿದೆ?" ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು ಇವು. ಇದೇ ಕಣಗಳನ್ನು ಹರಿದ ಸ್ನಾಯುವಿಗೆ ಚುಚ್ಚುವ ಚಿಕಿತ್ಸೆಯೊಂದಿದೆ. ಅದರ ಹೆಸರು ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ.

ಮಾಡುವ ವಿಧಾನ ಸರಳ. ರೋಗಿಯ ತೋಳಿನಿಂದಲೇ ರಕ್ತ ತೆಗೆದು, ಯಂತ್ರದಲ್ಲಿ ಜೋರಾಗಿ ತಿರುಗಿಸುತ್ತಾರೆ. ಕೆಂಪು ರಕ್ತಕಣ ತಳಕ್ಕೆ ಇಳಿಯುತ್ತವೆ, ಹಳದಿ ದ್ರವ ಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ತೆಗೆದು ನೋವಿರುವ ಜಾಗಕ್ಕೆ ಚುಚ್ಚುತ್ತಾರೆ.

ಈ ಯೋಚನೆಗೆ ಬಲ ಬಂದದ್ದು 1974ರಲ್ಲಿ. ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ಪ್ಲೇಟ್‌ಲೆಟ್‌ನಿಂದ ಹೊರಬರುವ ಒಂದು ಅಂಶ ಜೀವಕೋಶಗಳನ್ನು ಬೆಳೆಸುತ್ತದೆ ಎಂದು ತೋರಿಸಿದರು. ಅಂದರೆ ಪ್ಲೇಟ್‌ಲೆಟ್ ರಕ್ತ ನಿಲ್ಲಿಸುವುದಷ್ಟೇ ಅಲ್ಲ, ರಿಪೇರಿ ಕೆಲಸಕ್ಕೂ ಕೈಜೋಡಿಸುತ್ತದೆ. 1998ರಲ್ಲಿ ರಾಬರ್ಟ್ ಮಾರ್ಕ್ಸ್ ತಂಡ ದವಡೆ ಮೂಳೆ ಕಸಿಗೆ ಪಿಆರ್‌ಪಿ ಬಳಸಿದ್ದನ್ನು ಪ್ರಕಟಿಸಿತು. ನಂತರ ಅದು ಆಟಗಾರರ ಗಾಯಗಳಿಗೂ ಬಂತು.

ದೊಡ್ಡ ಹೆಸರು ಬಂದದ್ದು 2009ರಲ್ಲಿ. ಅಮೆರಿಕನ್ ಫುಟ್‌ಬಾಲ್ ಆಟಗಾರ ಹೈನ್ಸ್ ವಾರ್ಡ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಪಿಆರ್‌ಪಿ ಹಾಕಿಸಿಕೊಂಡು, ಕೆಲವೇ ದಿನಗಳಲ್ಲಿ ಸೂಪರ್ ಬೌಲ್ ಫೈನಲ್ ಆಡಿದರು. ಅವರ ತಂಡ ಗೆದ್ದಿತು. ಪತ್ರಿಕೆಗಳು ಬರೆದವು, ಬೇಡಿಕೆ ಏರಿತು. ವಾರ್ಡ್ ಅವರಿಗೆ ಆಗಿದ್ದು ಮೊಣಕಾಲಿನ ಗಾಯ, ಸ್ನಾಯು ಹರಿತವಲ್ಲ. ಚುಚ್ಚಿಸದಿದ್ದರೂ ಅವರು ಆಡುತ್ತಿದ್ದರೋ ಏನೋ, ಒಬ್ಬರನ್ನು ನೋಡಿ ಹೇಳಲಾಗದು. ಆದರೂ ಸುದ್ದಿ ಹರಡಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2010ರಲ್ಲಿ ಸ್ನಾಯುವಿಗೆ ಪಿಆರ್‌ಪಿ ಚುಚ್ಚುವುದನ್ನು ನಿಷೇಧಿಸಿ, 2011ರಲ್ಲಿ ಆ ನಿಷೇಧ ತೆಗೆಯಿತು.

ಸರಿಯಾದ ಪರೀಕ್ಷೆ ಬಂದದ್ದು ಆಮೇಲೆ. 2014ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿದ 80 ಆಟಗಾರರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಆಟಗಾರರಿಗೂ ಗೊತ್ತಿಲ್ಲ, ಚುಚ್ಚಿದವರಿಗೂ ಗೊತ್ತಿಲ್ಲ. ವ್ಯಾಯಾಮ ಇಬ್ಬರಿಗೂ ಒಂದೇ. ಪ್ರತಿ ಗುಂಪನ್ನು ಚೇತರಿಕೆಯ ದಿನಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಡುವಿನವರು ಆಟಕ್ಕೆ ಮರಳಲು ಹಿಡಿದದ್ದು ಪಿಆರ್‌ಪಿ ಗುಂಪಿನಲ್ಲಿ 42 ದಿನ. ಉಪ್ಪುನೀರಿನ ಗುಂಪಿನಲ್ಲಿ? ಅಲ್ಲೂ 42 ದಿನ.

ಅದೇ ವರ್ಷ ಮಲೇಷ್ಯಾದ 28 ಜನರ ಸಣ್ಣ ಪರೀಕ್ಷೆಯಲ್ಲಿ ಪಿಆರ್‌ಪಿ ಪಡೆದವರು ಬೇಗ ಚೇತರಿಸಿಕೊಂಡರು. ಆದರೆ ಅಲ್ಲಿ ಇನ್ನೊಂದು ಗುಂಪಿಗೆ ಉಪ್ಪುನೀರು ಚುಚ್ಚಿರಲಿಲ್ಲ. ಹಾಗಾಗಿ ಯಾರಿಗೆ ಚಿಕಿತ್ಸೆ ಸಿಕ್ಕಿದೆ ಎಂಬುದು ಆಟಗಾರರಿಗೇ ಗೊತ್ತಿತ್ತು. 2015ರಲ್ಲಿ ಕತಾರ್‌ನ 90 ಆಟಗಾರರ ಪರೀಕ್ಷೆ, ಚೆನ್ನಾಗಿ ವ್ಯಾಯಾಮ ಮಾಡಿಸಿದರೆ ಅದರ ಮೇಲೆ ಪಿಆರ್‌ಪಿಯಿಂದ ಹೆಚ್ಚಿನ ಲಾಭವಿಲ್ಲ ಎಂದೇ ಹೇಳಿತು.

ಇದು ದೂರದ ಕಥೆಯಲ್ಲ. ಊರ ಜಾತ್ರೆಯ ಕಬಡ್ಡಿಯಲ್ಲಿ ಹುಡುಗನಿಗೆ ತೊಡೆ ಹಿಂದೆ 'ಟಕ್' ಎಂದು ಹಿಡಿದುಕೊಂಡರೆ, ಮುಂದಿನ ಟೂರ್ನಮೆಂಟ್‌ಗೆ ಇಳಿಯುವ ಆಸೆಯಲ್ಲಿ ಮನೆಯವರು ಸಾವಿರಾರು ರೂಪಾಯಿ ಸಾಲ ಮಾಡಲೂ ತಯಾರಿರುತ್ತಾರೆ. ಹರಿದ ಸ್ನಾಯು ಬಹುಪಾಲು ತಾನಾಗಿಯೇ ಕೂಡಿಕೊಳ್ಳುತ್ತದೆ. ನಡುವೆ ಇಂಜೆಕ್ಷನ್ ಬಿದ್ದರೆ ಹೆಸರು ಅದಕ್ಕೆ ಹೋಗುತ್ತದೆ.

ಮೊಣಕಾಲು ಸವೆತ, ಮೊಣಕೈ ನೋವಿಗೆ ಪಿಆರ್‌ಪಿ ಕೊಡುವುದರ ಲೆಕ್ಕ ಬೇರೆ. ಇಲ್ಲಿ ಹೇಳಿದ್ದು ಹ್ಯಾಮ್‌ಸ್ಟ್ರಿಂಗ್ ಹರಿತದ ಬಗ್ಗೆ ಮಾತ್ರ. ಯಾರಾದರೂ ಇದಕ್ಕೆ ಪಿಆರ್‌ಪಿ ಸೂಚಿಸಿದರೆ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: "ಉಪ್ಪುನೀರಿಗಿಂತ ಇದು ಎಷ್ಟು ಮೇಲು, ಡಾಕ್ಟ್ರೇ?" "ಯಾವ ವ್ಯಾಯಾಮ, ಎಷ್ಟು ವಾರ ಮಾಡಬೇಕು?" ಸಾಲ ಮಾಡುವ ಮೊದಲೇ ಕೇಳಿ.