ಪ್ರೇಮದ ಕಥೆ, ಸುಟ್ಟ ಕೇರಿ

ದೆವ್ವದ ಪ್ರೇಮಕಥೆ ಓದಿ ಖುಷಿಪಡುವುದು ಚಳವಳಿಯ ಹುಡುಗರಿಗೆ ತಕ್ಕುದಲ್ಲ ಅನ್ನೋ ಮಾತು ನಮ್ಮ ನಡುವೆ ಬಹಳ ದಿನದಿಂದ ಇದೆ. ಹೊಟ್ಟೆ ತುಂಬಿದವರ ಓದು ಅದು ಅಂತಾರೆ. ನಾವು ಒಪ್ಪೋದಿಲ್ಲ. ದಿನವಿಡೀ ಕಂಡವರ ಹೊಲದಲ್ಲಿ ಗೇಯ್ದು ಬಂದ ನಮ್ಮ ಅವ್ವಂದಿರು ಬುಡ್ಡಿ ದೀಪ ಆರಿಸಿದ ಮೇಲೆ ಹೇಳುತ್ತಿದ್ದದ್ದು ದೆವ್ವದ ಕಥೆಯನ್ನೇ. ಹೆದರುತ್ತಲೇ ಕೇಳುವ ಆ ಸುಖ ನಮ್ಮದು. ಅದನ್ನು ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ. ಆದರೆ ಸುಖಕ್ಕೂ ಒಂದು ಚರಿತ್ರೆ ಇದೆ. ಅದನ್ನು ಕೇಳದೆ ಓದಿದವನು ಅರ್ಧ ಪುಸ್ತಕ ಓದಿದಂತೆ.

ಯುರೋಪಿನ ರಕ್ತಪಿಶಾಚಿಯ ಕಥೆ ನೋಡಿ. 1732ರಲ್ಲಿ ಆಸ್ಟ್ರಿಯಾದ ಸೈನ್ಯದ ವೈದ್ಯರು ಸೆರ್ಬಿಯಾದ ಒಂದು ಹಳ್ಳಿಯಲ್ಲಿ ಗೋರಿಗಳನ್ನು ಅಗೆಸಿ ನೋಡಿ ವರದಿ ಬರೆದರು. ಅಲ್ಲಿ ಪಿಶಾಚಿ ಅನ್ನಿಸಿಕೊಂಡವರು ರೈತಾಪಿ ಜನ, ಅಕ್ಕಪಕ್ಕದ ಮನೆಯವರು. ಎಂಬತ್ತೇಳು ವರ್ಷ ಕಳೆದು, 1819ರಲ್ಲಿ, ಪೊಲಿಡೊರಿ ಎಂಬ ಇಂಗ್ಲಿಷ್ ವೈದ್ಯನ ಕಥೆಯಲ್ಲಿ ಅದೇ ಪಿಶಾಚಿ ಶ್ರೀಮಂತ ಪ್ರಭುವಾಗಿ ಲಂಡನ್ನಿನ ಮೋಜಿನ ಕೂಟಕ್ಕೆ ಬಂತು. 1897ರ ಡ್ರಾಕುಲಾ ಅಂತೂ ಕೋಟೆಯ ಒಡೆಯ. ಈ ನಡುವೆ 1867ರಲ್ಲಿ ಮಾರ್ಕ್ಸ್ ಬಂಡವಾಳವನ್ನು ರಕ್ತ ಹೀರುವ ಪಿಶಾಚಿಗೆ ಹೋಲಿಸಿದ್ದು ಎಲ್ಲರಿಗೂ ಗೊತ್ತು. ಊರಿನ ಬಡಹೆಣ ಮೆಲ್ಲಗೆ ಜಮೀನ್ದಾರನಾಯಿತು. ಆಮೇಲೆ ಜಮೀನ್ದಾರ ಪ್ರಿಯಕರನಾದ.

ಹಾಗೆ ಪ್ರಿಯಕರನಾದವರಲ್ಲಿ ಜಗತ್ತು ಸುತ್ತಿದವನು ಸ್ಟೆಫನಿ ಮೆಯರ್ ಬರೆದ ‘ಟ್ವೈಲೈಟ್’ ಕಾದಂಬರಿಯ ಎಡ್ವರ್ಡ್. ಆಕೆ ಅರಿಜೋನಾದ ಬಿಸಿಲು ನಾಡಿನ ಗೃಹಿಣಿ. 2003ರಲ್ಲಿ ಕಂಡ ಒಂದು ಕನಸಿನಿಂದ ಕಥೆ ಹುಟ್ಟಿತಂತೆ. ಪುಸ್ತಕ ಬಂದದ್ದು 2005ರಲ್ಲಿ. ಸರಣಿಯ ಪ್ರತಿಗಳು ಹತ್ತು ಕೋಟಿಗೂ ಮೀರಿ ಮಾರಾಟವಾದವು. 2008ರಿಂದ 2012ರವರೆಗೆ ಐದು ಸಿನಿಮಾ ಬಂದವು. ಹದಿನೇಳರ ಬೆಲ್ಲಾ, 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಸಾಯುತ್ತಿದ್ದಾಗ ಪಿಶಾಚಿಯಾಗಿ ಉಳಿದ ಎಡ್ವರ್ಡ್. ಇವನಿಗೆ ಅವಳ ಮೇಲೆ ಪ್ರೀತಿಯೂ ಹೌದು, ಅವಳ ರಕ್ತದ ದಾಹವೂ ಹೌದು. ಕೊನೆಯ ಭಾಗದಲ್ಲಿ ಜೇಮ್ಸ್ ಎಂಬ ಇನ್ನೊಬ್ಬ ಪಿಶಾಚಿ ಬೇಟೆನಾಯಿಯ ಹಾಗೆ ಅವಳ ಬೆನ್ನು ಹತ್ತುತ್ತಾನೆ. ಆ ಪುಟಗಳನ್ನು ನಾವು ಪುಸ್ತಕ ಕೆಳಗಿಡದೆ ಓದಿದೆವು. ಚೆನ್ನಾಗಿದೆ ಅಂತ ಹೇಳೋಕೆ ನಮಗೇನೂ ನಾಚಿಕೆಯಿಲ್ಲ.

ಪ್ರಶ್ನೆ ಇರೋದು ಆ ಊರಿನ ಬಗ್ಗೆ. ಅಮೆರಿಕದಲ್ಲಿ ವಿಪರೀತ ಮಳೆ ಬೀಳೋ ಜಾಗ ಬೇಕು ಅಂತ ಹುಡುಕಿ ಮೆಯರ್ ಆರಿಸಿಕೊಂಡದ್ದು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್. ಅದರ ಪಕ್ಕದಲ್ಲಿ ಸಮುದ್ರಕ್ಕೆ ಅಂಟಿಕೊಂಡು ಲಾ ಪುಷ್ ಎಂಬ ಹಟ್ಟಿ ಇದೆ. ಕ್ವಿಲಿಯೂಟ್ ಎಂಬ ಮೂಲನಿವಾಸಿಗಳ ನೆಲೆ ಅದು. ತಮ್ಮ ಕುಲದ ಮೊದಲಿಗರು ತೋಳಗಳಿಂದ ಮನುಷ್ಯರಾದವರು ಅನ್ನುವುದು ಅವರ ಹುಟ್ಟುಕಥೆ. ಮೆಯರ್ ಇದನ್ನು ಎತ್ತಿಕೊಂಡು, ಬಿಳಿಯ ಪಿಶಾಚಿಗಳಿಗೆ ಎದುರಾಳಿಯಾಗಿ ಸಿಟ್ಟು ಬಂದರೆ ತೋಳವಾಗುವ ಕಂದುಬಣ್ಣದ ಹುಡುಗರನ್ನು ನಿಲ್ಲಿಸಿದರು. ಪಿಶಾಚಿ ನಾಗರಿಕ. ಅವನಿಗೆ ಪಿಯಾನೋ, ಕಾರು, ಸಂಯಮ ಎಲ್ಲಾ ಇದೆ. ಮೂಲನಿವಾಸಿ ಹುಡುಗನಿಗೆ ಸಿಟ್ಟು, ಬರಿ ಮೈ. ಕುಲದ ಹೆಸರು ಕಲ್ಪಿತವಲ್ಲ ಗೆಳೆಯರೇ, ನಿಜವಾದ, ಇವತ್ತೂ ಬದುಕಿರುವ ಜನರ ಹೆಸರು.

ಆ ಜನರ ಚರಿತ್ರೆ ಕಾದಂಬರಿಯಲ್ಲಿಲ್ಲ. 1882ರಲ್ಲಿ ಲಾ ಪುಷ್‌ಗೆ ಬಂದ ಬಿಳಿಯ ಶಾಲಾಮೇಷ್ಟ್ರು ಅಲ್ಲಿನವರ ಹೆಸರುಗಳನ್ನೇ ತೆಗೆದು ಬೈಬಲ್ಲಿನ, ಅಮೆರಿಕದ ಇತಿಹಾಸದ ಹೆಸರುಗಳನ್ನಿಟ್ಟ. ಹಳ್ಳಿಯ ಮೇಷ್ಟ್ರಾಗಿರುವ ನಮ್ಮ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಬದಲಾಗುವುದು ಏನೆಂದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಅವರ ಭಾಷೆಯಲ್ಲಿ ‘ಮ’, ‘ನ’ ಎಂಬ ಅನುನಾಸಿಕಗಳು ಇಲ್ಲವೆನ್ನುವಷ್ಟು ಅಪರೂಪ. ನಾನು, ನಮ್ಮ, ಮನೆ ಅನ್ನೋ ನಮ್ಮ ಮಾತುಗಳನ್ನು ಆ ದನಿಗಳಲ್ಲಿ ಹೇಳೋಕೇ ಆಗೋದಿಲ್ಲ. ಅಂಥ ಬಾಯಿಗೆ ಸಾಲ್ಮನ್, ಸ್ಯಾಮ್ಸನ್‌ಗಳನ್ನು ತುರುಕಿದರೆ ಹೇಗಿದ್ದೀತು!

1889ರಲ್ಲಿ ಸರಕಾರ ಅವರಿಗೆಂದು ಬಿಟ್ಟುಕೊಟ್ಟದ್ದು ಒಂದು ಚದರ ಮೈಲಿ. ಕಡಲು ಕಾಡುಗಳನ್ನೆಲ್ಲ ಆಳಿದವರಿಗೆ ಒಂದೇ ಮೈಲಿ. ಅದೇ ವರ್ಷ ಊರವರೆಲ್ಲ ದೂರದ ತೋಟಗಳಿಗೆ ಹಾಪ್ಸ್ ಕೊಯ್ಯಲು ಕೂಲಿಗೆ ಹೋಗಿದ್ದಾಗ, ಆ ನೆಲ ತನ್ನದು ಅನ್ನುತ್ತಿದ್ದ ಬಿಳಿಯ ವಲಸಿಗನೊಬ್ಬ ಹಟ್ಟಿಗೆ ಬೆಂಕಿ ಇಟ್ಟ. 26 ಮನೆ. ಕೆತ್ತಿದ ಮುಖವಾಡ, ಬುಟ್ಟಿ, ಬೇಟೆಯ ಸಲಕರಣೆ, ಎಲ್ಲಾ ಬೂದಿ. ಕೂಲಿ ಮುಗಿಸಿ ಬಂದವರು ನಿಂತು ನೋಡಿದ್ದು ಅದನ್ನು.

‘ಟ್ವೈಲೈಟ್’ ಬಂದ ಮೇಲೆ ಅಂಗಡಿಗಳಲ್ಲಿ ಕ್ವಿಲಿಯೂಟ್ ಹೆಸರಿನ ಒಡವೆ, ಅಂಗಿ, ಚೀಲ ಮಾರಾಟವಾದವು. ತಾವೂ ಮೂಲನಿವಾಸಿ ಕುಲದವರಾದ ಕಾನೂನು ಪ್ರಾಧ್ಯಾಪಕಿ ಆಂಜೆಲಾ ರೈಲಿ 2010ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದು, ಕಥೆಯಿಂದ ಹಣ ಹರಿದರೂ ಕುಲಕ್ಕೆ ದಕ್ಕಿದ್ದು ಬಹಳ ಕಡಿಮೆ ಎಂದು ಎತ್ತಿ ತೋರಿಸಿದರು. ಯಾರು ಯಾರ ರಕ್ತ ಹೀರಿದರು ಅನ್ನೋದು ಆಗ ಬೇರೆಯೇ ಪ್ರಶ್ನೆಯಾಗುತ್ತೆ. ಸುನಾಮಿಯ ದಾರಿಯಲ್ಲಿದ್ದ ಆ ಹಟ್ಟಿ ಎತ್ತರದ ಜಾಗಕ್ಕಾಗಿ ದಶಕಗಳ ಕಾಲ ಕೇಳಿಕೊಂಡು ಬಂದಿತ್ತು. 2012ರಲ್ಲಿ ಕಾನೂನಾಗಿ ಸುಮಾರು 785 ಎಕರೆ ಸಿಕ್ಕಿತು. ಸಿನಿಮಾದವರ ದಾನವಲ್ಲ ಅದು, ಕುಲದವರು ಹೋರಾಡಿ ಪಡೆದದ್ದು.

ಅದೇ 2005, ಅದೇ ವಾಷಿಂಗ್ಟನ್ ರಾಜ್ಯ. ಇನ್ನೊಬ್ಬಳು ರಕ್ತಪಿಶಾಚಿಯ ಕಾದಂಬರಿ ಹೊರತಂದಳು. ಆಕ್ಟೇವಿಯಾ ಬಟ್ಲರ್. 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಪ್ಪು ಹೆಂಗಸು. ಅಪ್ಪ ಬೂಟು ಪಾಲಿಶ್ ಮಾಡುತ್ತಿದ್ದವ, ಬೇಗ ತೀರಿಕೊಂಡ. ಅವ್ವ ಬಿಳಿಯರ ಮನೆಗೆಲಸದವಳು. ಹಿತ್ತಿಲ ಬಾಗಿಲಿಂದ ಒಳಹೋಗುವ ಅವ್ವನನ್ನು ನೋಡುತ್ತ, ಆ ಮನೆಯವರು ಬಿಸಾಕಿದ ಪುಸ್ತಕಗಳನ್ನು ಅವ್ವ ತಂದುಕೊಟ್ಟದ್ದನ್ನು ಓದುತ್ತ ಬೆಳೆದವಳು. ಅದೇ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ಪಡೆದು 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಎದ್ದು ನಿಂತದ್ದು ನಮಗೆ ತಿಳಿದದ್ದೇ. ಬಟ್ಲರ್ ನಮಗೆ ದೂರದವಳಲ್ಲ.

ಅವಳ ‘ಫ್ಲೆಜ್ಲಿಂಗ್’ ಶುರುವಾಗುವುದೇ ಸುಟ್ಟ ಮೈಯಿಂದ. ಶೋರಿ ಎಂಬವಳು ಗುಹೆಯೊಂದರಲ್ಲಿ ಕಣ್ಣು ಬಿಡುತ್ತಾಳೆ. ನೆನಪಿಲ್ಲ. ಅವಳ ಕೇರಿಯನ್ನೇ ಯಾರೋ ಸುಟ್ಟಿದ್ದಾರೆ. ಯಾರು, ಯಾಕೆ? ಪತ್ತೇದಾರಿ ಕಥೆಯ ಹಾಗೆ ಬಿಚ್ಚಿಕೊಳ್ಳುತ್ತ ಹೋದಾಗ ತಿಳಿಯುವುದು ಇದು: ಪಿಶಾಚಿ ಕುಲದಲ್ಲಿ ಅವಳೊಬ್ಬಳು ಮನುಷ್ಯರ ಅಂಶ ಬೆರೆಸಿಕೊಂಡು ಹುಟ್ಟಿದವಳು, ಕಪ್ಪು ಚರ್ಮದಿಂದ ಹಗಲಲ್ಲೂ ನಡೆಯಬಲ್ಲವಳು. ಇದು ಕುಲಗೆಟ್ಟ ರಕ್ತ ಅನ್ನುವ ಸಿಲ್ಕ್ ಮನೆತನ ಅವಳ ಅವ್ವಂದಿರ, ಅಪ್ಪಂದಿರ ಮನೆಗಳಿಗೆ ಬೆಂಕಿ ಇಡಿಸಿದೆ. ಬೆರಕೆಯಿಂದ ಕುಲಕ್ಕೆ ಬಲ ಬಂದರೂ ಬೆರಕೆ ಬೇಡ ಅನ್ನುವ ಈ ಹಟ ನಮಗೆ ಯಾರೂ ವಿವರಿಸಿ ಹೇಳಬೇಕಾದದ್ದಲ್ಲ.

ಪ್ರೇಮದ ವಿಷಯದಲ್ಲೂ ಬಟ್ಲರ್ ಸುಲಭದವಳಲ್ಲ. ಶೋರಿ ಕಚ್ಚಿದವರಿಗೆ ಸುಖವಿದೆ, ಆಯುಸ್ಸು ಹೆಚ್ಚುತ್ತೆ, ಆದರೆ ಅವಳನ್ನು ಬಿಟ್ಟಿರೋಕೆ ಆಗೋದಿಲ್ಲ. ಇದು ಪ್ರೀತಿಯೋ ಜೀತವೋ? ಎಡ್ವರ್ಡನ ಕಥೆ ಈ ಪ್ರಶ್ನೆಯ ಹತ್ತಿರ ಬಂದು ಮುತ್ತಿಟ್ಟು ಜಾರಿಕೊಳ್ಳುತ್ತೆ. ಬಟ್ಲರ್ ಪುಟಪುಟದಲ್ಲೂ ಕೇಳುತ್ತಾಳೆ, ಉತ್ತರ ಕೊಡೋದಿಲ್ಲ. ವಯಸ್ಸು 53 ಆದರೂ ಹತ್ತು ಹನ್ನೊಂದರ ಹುಡುಗಿಯಂತೆ ಕಾಣುವವಳನ್ನು ಇಂಥ ಸಂಬಂಧಗಳ ನಡುವೆ ನಿಲ್ಲಿಸಿದ್ದು ಮಾತ್ರ ನಮಗೆ ಸೇರಲಿಲ್ಲ. ಓದುವಾಗ ಮೈ ಮುದುಡುತ್ತೆ.

ಕಾದಂಬರಿಯ ಕೊನೆಗೆ ಪಂಚಾಯ್ತಿ ಸೇರುತ್ತದೆ. ಸುಳ್ಳಿನ ವಾಸನೆ ಹಿಡಿಯಬಲ್ಲ ಹಿರಿಯರ ಪಂಚಾಯ್ತಿ. ಬೆಂಕಿ ಇಟ್ಟವರ ಮನೆತನದ ಹೆಸರನ್ನೇ ಅಳಿಸಿ, ಅವರ ಗಂಡುಮಕ್ಕಳನ್ನು ಬೇರೆ ಮನೆತನಗಳಿಗೆ ಹಂಚುವ ತೀರ್ಪು ಬರುತ್ತದೆ. ಸತ್ತ ತನ್ನವರ ಮುಖವೂ ನೆನಪಿಲ್ಲದ ಶೋರಿ ಆ ತೀರ್ಪು ಕೇಳಿಸಿಕೊಳ್ಳುತ್ತಾಳೆ. ಬಟ್ಲರ್ ಈ ಕಥೆಯನ್ನು ಮುಂದುವರಿಸಿ ಪ್ರಕಟಿಸಲಿಲ್ಲ. ಪುಸ್ತಕ ಬಂದ ಕೆಲವೇ ತಿಂಗಳಿಗೆ, 2006ರ ಫೆಬ್ರವರಿ 24ರಂದು, ತನ್ನ 58ನೇ ವಯಸ್ಸಿನಲ್ಲಿ ತೀರಿಕೊಂಡಳು.