ಮೇಷ್ಟ್ರು, ಮಾಸ್ತರು, ಅಕ್ಕೋರು

ಇಂಗ್ಲಿಷಿನ ‘ಮಾಸ್ಟರ್’ ಹಳ್ಳಿಶಾಲೆಯ ಹೊಸಿಲು ದಾಟಿದ್ದೇ ತಡ, ಹಳೇ ಮೈಸೂರಿನ ನಾಲಿಗೆ ಅದನ್ನು ‘ಮೇಷ್ಟ್ರು’ ಮಾಡಿಕೊಂಡಿತು. ಕಷ್ಟ, ಇಷ್ಟ ಎಂದು ಪಳಗಿದ ಬಾಯಿಗೆ ‘ಷ್ಟ’ ಸಲೀಸು. ಕೊನೆಯ ‘ರ್’ ಗೌಡರು, ಶೆಟ್ಟರು ಎನ್ನುವಾಗಿನ ‘ರು’ ಆಗಿ ಮರ್ಯಾದೆಯನ್ನೂ ಹೊತ್ತು ತಂದಿತು. ‘ಮೇಷ್ಟ್ರು ಬಂದ’ ಎಂದು ನೋಡಿ, ಮಾತೇ ಮುಗ್ಗರಿಸುತ್ತದೆ.

ಅದಕ್ಕೂ ಮುಂಚೆ ಆ ಜಾಗದಲ್ಲಿ ಐಗಳಿದ್ದರು. ಅವರ ಕೂಲಿಮಠದಲ್ಲಿ ಮಕ್ಕಳು ಮರಳ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು.

ಮೇಷ್ಟ್ರು ಎಂಬುದು ಹೆಸರನ್ನೇ ನುಂಗುವ ಪದ. ಸರ್ಕಾರಿ ಕಾಗದದಲ್ಲಿ ಅವರು ‘ಸಹಶಿಕ್ಷಕ’. ಊರಿಗೆ ಲೆಕ್ಕದ ಮೇಷ್ಟ್ರು, ಡ್ರಿಲ್ ಮೇಷ್ಟ್ರು. ನಿವೃತ್ತರಾದರೂ ಮನೆ ಮೇಷ್ಟ್ರ ಮನೆಯೇ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೇರಿದ ಮಗ ಊರಿಗೆ ಬಂದರೆ ಮೇಷ್ಟ್ರ ಮಗನೇ. ಗೆಳೆತನಕ್ಕೂ ಅವರೇ ಗುರುತು. ‘ಸಹಪಾಠಿ’ ಎಂಬ ಮಾತು ಆಹ್ವಾನ ಪತ್ರಿಕೆಗೆ ಸರಿ. ಒಂದೇ ಮಣೆಯ ಮೇಲೆ ಕೂತು, ಒಂದೇ ಬಳಪ ಮುರಿದು ಹಂಚಿಕೊಂಡವರು ಎಷ್ಟೋ ವರ್ಷದ ಮೇಲೆ ಸಂತೆಯಲ್ಲಿ ಎದುರಾದಾಗ ಹೇಳುವುದೇ ಬೇರೆ: “ನಾವಿಬ್ಬರೂ ಒಂದೇ ಮೇಷ್ಟ್ರ ಕೈಲಿ ಓದಿದವರು.”

ಆ ‘ಕೈ’ ಎಷ್ಟು ದೂರ ಚಾಚಬಲ್ಲದು! ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದ. ಅವನೂರಿನಲ್ಲಿ ಹೆಡ್‌ಮೇಷ್ಟ್ರಾಗಿದ್ದ ಎಂ.ಎಸ್. ನಾರಾಯಣರಾಯರು ಆಗ ಇಲ್ಲಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಹುಡುಗನಿಗೆ ಆ ಧೈರ್ಯ ಸಾಕಾಗಿತ್ತು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯ ಆ ಹುಡುಗ.

ಧಾರವಾಡದ ಕಡೆ ಹೋದರೆ ಪದ ‘ಮಾಸ್ತರ’ ಆಗುತ್ತದೆ, ಶಾಲೆ ‘ಸಾಲಿ’ಯಾಗುತ್ತದೆ. ಜ್ಞಾನಪೀಠ ಬಂದ ಮೇಲೂ ದ.ರಾ. ಬೇಂದ್ರೆ ಅಲ್ಲಿಯವರಿಗೆ ಬೇಂದ್ರೆ ಮಾಸ್ತರೇ. ಇತ್ತ ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಬಿಟ್ಟು 1980ರಲ್ಲಿ ಪತ್ರಿಕೆ ಶುರುಮಾಡಿದ ಪಿ. ಲಂಕೇಶರು ಬಳಗಕ್ಕೆ ಕೊನೆಯವರೆಗೂ ಮೇಷ್ಟ್ರು.

ಇಷ್ಟೆಲ್ಲ ಹಬ್ಬಿದ ಪದಕ್ಕೆ ಸ್ತ್ರೀಲಿಂಗ ಮಾತ್ರ ಹುಟ್ಟಲಿಲ್ಲ. ಮೊದಲ ದಿನ ಅಳುವ ಮಗುವನ್ನು ಎತ್ತಿಕೊಂಡವರು, ಜಡೆ ಬಿಚ್ಚಿದರೆ ಹೆಣೆದುಕೊಟ್ಟವರು ದಕ್ಷಿಣದಲ್ಲಿ ‘ಮಿಸ್ಸು’, ‘ಮೇಡಂ’ ಆಗಿಯೇ ಉಳಿದರು. ಉತ್ತರ ಕರ್ನಾಟಕದ ಮಕ್ಕಳು ಅವರನ್ನು ‘ಅಕ್ಕೋರು’ ಎಂದು ಕರೆದರು. ಅಕ್ಕನೂ ಹೌದು, ಮರ್ಯಾದೆಯ ‘ಅವರು’ ಕೂಡ ಹೌದು. ಅಲ್ಲಿಯೂ ಈಗ ಆ ಜಾಗಕ್ಕೆ ‘ಟೀಚರ್’ ಬರುತ್ತಿದೆ. ಇಷ್ಟು ಚೆಂದದ ಕರೆಯನ್ನು ತುಂಗಭದ್ರೆಯ ಈಚೆಗಿನ ಶಾಲೆಗಳೂ ಎಂದೋ ಎರವಲು ತರಬೇಕಿತ್ತು, ಈಗಲಾದರೂ ತರಬಹುದು.